ತಗಡಕ್ಕನ ಮೂರನೇ ಬಿಲ್ಲೆ

ಸಿಟ್ಟು ಇಟ್ಕೊಳ್ಳೋದೂ ಒಂದು ಕಸುಬೇ, ಎಲ್ಲರಿಗೂ ಒಲಿಯಲ್ಲ. ನಮ್ಮಂಥೋರು ಬೆಳಿಗ್ಗೆ ಯಾರ ಮೇಲಾದ್ರೂ ಉರಿದುಬಿದ್ರೆ, ಮಧ್ಯಾಹ್ನ ತಟ್ಟೆ ಮುಂದೆ ಕೂರೋ ಹೊತ್ತಿಗೆ ಯಾಕೆ ಉರಿದುಬಿದ್ವಿ ಅನ್ನೋದೇ ಮರ್ತಿರ್ತೀವಿ. ತಗಡಕ್ಕ ಹಾಗಲ್ಲ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಆ ಕೆಂಡಕ್ಕೆ ಎರಡು ಕೈ ಬಂದು, ಒಂದು ಕೈಗೆ ಬ್ರಷ್ ಕೊಟ್ರೆ ಅದೇ ತಗಡಕ್ಕ.

ಅವಳ ಕೆಲಸ ತಗಡಿನ ಮೇಲೆ ಬರೆಯೋದು. ಗಾಡಿ ನಂಬರ್ ಪ್ಲೇಟು, ಅಂಗಡಿ ಬೋರ್ಡು, 'ಇಲ್ಲಿ ಗಾಡಿ ನಿಲ್ಲಿಸಬೇಡಿ', 'ನಾಯಿ ಇದೆ ಎಚ್ಚರಿಕೆ'. ಎರಡು ಬೀದಿ ಸೇರೋ ಮೂಲೇಲಿ ಒಂದು ಕಿರಿದಾದ ಅಂಗಡಿ. ಒಬ್ಬರು ಒಳಗೆ ಹೋಗ್ಬೇಕು ಅಂದ್ರೆ ಒಬ್ಬರು ಹೊರಗೆ ಬರ್ಬೇಕು. ಗೋಡೆಗೆ ಒರಗಿಸಿದ ತಗಡು, ಕೆನೆಗಟ್ಟಿದ ಬಣ್ಣದ ಡಬ್ಬಿ, ಟರ್ಪೆಂಟೈನ್ ವಾಸನೆ. ಮ್ಯಾಚ್ ಇದ್ದ ದಿನ ಮಾತ್ರ ಅಂಗಡಿ ಬಾಗಿಲು ಎಳ್ದು ಬೇಸ್‌ಬಾಲ್ ಮೈದಾನಕ್ಕೆ ಹೋಗೋಳು. ಅಲ್ಲಿ ಎಡಗಡೆ ಬೇಲಿ ಹಿಂದೆ, ಕಬ್ಬಿಣದ ಕಂಬದ ಮೇಲೆ ಒಂದು ತಗಡಿನ ಗೂಡಿದೆ. ಅದೇ ಸ್ಕೋರ್ ಬೋರ್ಡು. ಏಣಿ ಹತ್ತಿ ಒಳಗೆ ಕೂತು, ಒಂದು ಕಿಂಡಿಯಿಂದ ಆಟ ನೋಡ್ತಾ, ರನ್ನು ಬಂದ ಹಾಗೆ ಅಂಕಿ ಬರೆದ ತಗಡನ್ನ ಮೊಳೆಗೆ ನೇತುಹಾಕೋದು, ಔಟ್ ಆದ ಹಾಗೆ ಊಟದ ತಟ್ಟೆಯಷ್ಟಗಲದ ಒಂದೊಂದು ಕೆಂಪು ಬಿಲ್ಲೆ ನೇತುಹಾಕೋದು. ಬಿಸಿಲು ಏರಿದ್ರೆ ಒಳಗೆ ಬ್ರೆಡ್ಡೇ ಬೇಯಬಹುದು, ಅಂಥ ಸೆಕೆ.

ಬೇಸ್‌ಬಾಲ್ ಗೊತ್ತಿಲ್ಲ ಅಂತ ಯಾರೂ ಎದ್ದು ಹೋಗ್ಬೇಡಿ, ಇಷ್ಟು ತಿಳ್ಕೊಂಡ್ರೆ ಸಾಕು. ಒಬ್ಬ ಎಸೀತಾನೆ, ಇನ್ನೊಬ್ಬ ಹೊಡೀತಾನೆ. ಹೊಡೆದೋನು ಮೂರು ಬೇಸು, ಅಂದ್ರೆ ನೆಲಕ್ಕೆ ಹಾಸಿದ ಮೂರು ದಿಂಬು, ಮುಟ್ಕೊಂಡು ಸುತ್ತಿ ಹೊರಟಲ್ಲಿಗೇ ವಾಪಸ್ ಬಂದ್ರೆ ಒಂದು ರನ್ನು. ಮೂರು ಜನ ಔಟ್ ಆದ್ರೆ ಅವರ ಪಾಳಿ ಮುಗೀತು, ಎದುರಿನೋರ ಪಾಳಿ. ಹೀಗೆ ಒಂಬತ್ತು ಸಲ. ಮುಗೀತು ಪಾಠ.

ತಗಡಕ್ಕನಿಗೊಬ್ಬ ತಮ್ಮ. ಈಗ ಪ್ಲಂಬರ್. ಆಗ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ, ಆದ್ರೆ ಚೆಂಡು ಎಸೆದ್ರೆ ಗಾಳಿ ಸೀಳಿ ಹೋಗೋದು. ಆರು ವರ್ಷದ ಹಿಂದೆ ನಮ್ಮಲ್ಲೇ ದೊಡ್ಡ ಪಂದ್ಯಾವಳಿ ಆಯ್ತು, ಹತ್ತಾರು ದೇಶದೋರು ಬಂದಿದ್ರು. ನಮ್ಮ ಟೀಮಿಗೆ ಇವನನ್ನೂ ಹಾಕ್ಕೊಂಡ್ರು. ಪಕ್ಕದ ದೊಡ್ಡ ದೇಶದ ಮೇಲೆ ಮ್ಯಾಚು. ಅವರದೆಲ್ಲ ಸಂಬಳಕ್ಕೆ ಆಡೋ ಹುಲಿಗಳು, ನಮ್ಮೋರು ರಜೆ ಹಾಕಿ ಬಂದಿರೋ ಮೇಷ್ಟ್ರು, ಟೈಲರು, ಬಸ್ ಡ್ರೈವರು. ಸೋಲೋದು ಇದ್ದದ್ದೇ, ಅದಕ್ಕೆ ಯಾರೂ ಅಳಲ್ಲ. ಆದ್ರೆ ಸೋಲಿಸೋದಕ್ಕೂ ಒಂದು ಮರ್ಯಾದೆ ಇರುತ್ತೆ. ಹತ್ತು ಹನ್ನೆರಡು ರನ್ ಮುಂದಿದ್ದಾಗ ಯಾರೂ ಬೇಸು ಕದ್ದು, ಅಂದ್ರೆ ಚೆಂಡು ಹೊಡೆಯೋ ಮುಂಚೇನೇ ಮುಂದಿನ ಬೇಸಿಗೆ, ಓಡಲ್ಲ, ಎದುರಿನೋರನ್ನ ಅಣಕಿಸಲ್ಲ. ಅವರ ಕ್ಯಾಪ್ಟನ್ ಒಬ್ಬ ಇದ್ದ, ಎದೆವರೆಗೂ ಗಡ್ಡ. ಅವನು ಹದಿನೈದು ರನ್ ಮುಂದಿದ್ದಾಗಲೂ ಬೇಸು ಕದ್ದ. ಕದ್ದು, ಪ್ರತಿ ಸಲ ನಮ್ಮ ಹುಡುಗನ ಕಡೆ ತಿರುಗಿ ನಡು ಬಗ್ಗಿಸಿ ಸಲಾಮು ಹೊಡೆದ. ಹಿಂದೆ ಒಂದೆರಡು ವರ್ಷ ನಮ್ಮ ಕಡೆ ಕ್ಲಬ್ಬಲ್ಲಿ ಆಡಿದ್ದೋನು, ನಮ್ಮ ಭಾಷೆ ಅಷ್ಟಿಷ್ಟು ಬರ್ತಿತ್ತು, ಬೈಗುಳ ಪೂರ್ತಿ ಬರ್ತಿತ್ತು.

"ಏ ಮಗು, ಹಾಲು ಕುಡ್ಕೊಂಡು ಬಾ ಹೋಗು, ನಾವಿಲ್ಲೇ ಕಾಯ್ತಿರ್ತೀವಿ!" ಅಂತ ಇಡೀ ಮೈದಾನಕ್ಕೆ ಕೇಳೋ ಹಾಗೆ ಕೂಗಿದ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಮ್ಮ ಹತ್ರ ಎಸೆಯೋಕೆ ಬೇರೆ ಗಂಡಸೇ ಉಳಿದಿರಲಿಲ್ಲ, ಕೋಚು ಇವನನ್ನೇ ಕೊನೇವರೆಗೂ ನಿಲ್ಸಿದ್ರು. ಹತ್ತೊಂಬತ್ತು ರನ್. ಎದುರಿಗೆ ನಮ್ಮದು ಸೊನ್ನೆ. ಭುಜ ಬಾತುಕೊಂಡು, ಆಮೇಲೆ ಆ ಕೈಗೆ ಮೊದಲಿನ ವೇಗ ಬರಲೇ ಇಲ್ಲ.

ಈಗ ಹೇಳಿ, ಆ ಹತ್ತೊಂಬತ್ತನ್ನೂ ಒಂದೊಂದಾಗಿ ನೇತುಹಾಕಿದ್ದು ಯಾರು? ಗೂಡಿನೊಳಗೆ ಕೂತಿದ್ದ ಅಕ್ಕ. ಅದೇ ಅವಳ ಹೊಟ್ಟೆಗೆ ಬಿದ್ದ ಬೆಂಕಿ. "ನನ್ನ ತಮ್ಮನ ಮಾನಾನ ನನ್ನ ಕೈಯಲ್ಲೇ ಮೊಳೆಗೆ ಹಾಕಿಸಿದ" ಅಂತ ಈಗಲೂ ಹಲ್ಲು ಕಡೀತಾಳೆ.

ಊರು ಸುಮ್ನಿರುತ್ತಾ? ಹುಡುಗನಿಗೆ ಹೆಸರೇ ಬಿತ್ತು, ಹತ್ತೊಂಬತ್ತು. ಪ್ಲಂಬಿಂಗ್ ಕಲಿತು ಮನೆ ಮನೆಗೆ ಹೋದ್ರೆ, "ಓ, ಹತ್ತೊಂಬತ್ತು ಬಂದ ನೋಡ್ರೀ, ಎಲ್ಲ ಬಿಟ್ಕೊಡೋನು. ನಲ್ಲಿ ಮಾತ್ರ ಸೋರದ ಹಾಗೆ ಮಾಡಪ್ಪ" ಅನ್ನೋರು. ಅವನು ಒಂದು ನಗೆ ನಕ್ಕು ಸಿಂಕಿನ ಕೆಳಗೆ ತೂರ್ಕೊಳ್ಳೋನು. ಅಲ್ಲಾದ್ರೆ ಮುಖ ಯಾರಿಗೂ ಕಾಣಲ್ಲ ನೋಡಿ.

ಅಕ್ಕ ನಗಲಿಲ್ಲ. ಅಂಗಡಿ ಹಿಂದಿನ ಓಣೀಲಿ ಆಳೆತ್ತರದ ತಗಡು ನಿಲ್ಸಿ, ಅದರ ಮೇಲೆ ಗಡ್ಡದೋನ ಮುಖ ಬರೆದ್ಲು. ಹುಬ್ಬು, ಮೂಗು, ಎಡಗೆನ್ನೆ ಮೇಲಿದ್ದ ಮಚ್ಚೆ ಸಮೇತ. ತಮ್ಮ ಸಂಜೆ ಕೆಲಸ ಮುಗಿಸಿ ಬಂದಾಗ ಕೈಗೊಂದು ಚೆಂಡು ಇಟ್ಟು, "ಹೊಡಿ" ಅಂದ್ಲು.

"ಅಕ್ಕಾ, ನಂಗೆ ಕೈ ಏಳಲ್ಲ."

"ಎಷ್ಟು ಏಳುತ್ತೋ ಅಷ್ಟರಲ್ಲೇ ಹೊಡಿ. ಜೋರಾಗಿ ಹೊಡಿ ಅಂತ ಯಾರಂದ್ರು?"

ಅಲ್ಲಿಂದ ಶುರು. ಜೋರು ಬರ್ದಿದ್ರೆ ನಿಧಾನ. ಆ ನಿಧಾನ ಎಂಥದ್ದು ಅಂದ್ರೆ, ಕೈ ಬೀಸೋದೆಲ್ಲ ಬಾಣ ಬಿಟ್ಟ ಹಾಗೆ, ಚೆಂಡು ಬರೋದು ಮಾತ್ರ ಮದುವೆ ಮನೆಗೆ ಹೊರಟ ನೆಂಟರ ಹಾಗೆ, ಅಲ್ಲಿ ಇಲ್ಲಿ ನಿಂತು. ಹತ್ರ ಬಂದ್ಮೇಲೆ ಕಾಲು ಜಾರಿದ ಹಾಗೆ ಸಟ್ಟಂತ ಕೆಳಗಿಳಿಯೋದು. ವರ್ಷಗಟ್ಟಲೆ ಹೊಡೆದು ಹೊಡೆದು ತಗಡಿನ ಮೇಲಿದ್ದ ಗಡ್ಡ ಉದುರಿತು. ಅಕ್ಕ ಮತ್ತೆ ಬರೆದ್ಲು. ಮತ್ತೆ ಉದುರಿತು.

"ಯಾರ್ದೋ ಗಡ್ಡಕ್ಕೆ ನನ್ನ ಮನೆ ನಿದ್ದೆ ಯಾಕೆ ಹಾಳ್ಮಾಡ್ತೀರೇ? ಢಣಾ ಢಣಾ ಅಂತ" ಅಂತ ಅದೇ ಓಣೀಲಿದ್ದ ಮನೆಯಿಂದ ಅವರಮ್ಮ ಬೈಯೋರು. ಬೈದು, ಅಷ್ಟೇ ಉಸಿರಲ್ಲಿ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮೂಗಿನ ಮೇಲೆ ಹೊಡಿಯೋ, ಬರೀ ಕೆನ್ನೆಗೆ ಹೊಡೀತೀಯಲ್ಲ" ಅನ್ನೋರು.

ಈ ವರ್ಷ ಪಂದ್ಯಾವಳಿ ಮತ್ತೆ ನಮ್ಮಲ್ಲೇ ಬಂತು. ತಮ್ಮ ಮತ್ತೆ ಟೀಮಲ್ಲಿ. ಟೀಮು ಮಾತ್ರ ಹಳೇ ಥರದ್ದೇ, ಬಸ್ಸು ಕೂಡ ಬಾಡಿಗೇದಲ್ಲ. ನಮ್ಮ ಎಡಗಡೆ ಫೀಲ್ಡರ್ ಇದ್ದಾನಲ್ಲ, ಅವನು ಊರಿನ ಬಸ್ ಡ್ರೈವರ್, ತಾನೇ ಡಿಪೋದಿಂದ ಬಸ್ ತಂದು, ಟೀಮನ್ನ ಮೈದಾನಕ್ಕೆ ಬಿಟ್ಟು, ಕಾಕಿ ಅಂಗಿ ಬಿಚ್ಚಿ ಜೆರ್ಸಿ ಹಾಕ್ಕೊಂಡು ಆಡೋನು. ಹಿಂಗಿದ್ದ ಟೀಮು ಮೊದಲನೇ ಮ್ಯಾಚ್ ಗೆದ್ದುಬಿಡ್ತು. ಎದುರಿನೋರಿಗೆ ಹೊಟ್ಟೆ ಕೆಟ್ಟಿತ್ತು ಅಂದ್ರು ಜನ. ಎರಡನೇದೂ ಗೆದ್ದಾಗ ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ, ಉರೀತಿತ್ತು ಅಷ್ಟೇ. ಮೂರನೇ ಮ್ಯಾಚು ಪಕ್ಕದ ದೊಡ್ಡ ದೇಶದ ಮೇಲೆ. ಕ್ಯಾಪ್ಟನ್ ಅವನೇ. ಗಡ್ಡಕ್ಕೆ ಒಂದೆರಡು ಬಿಳಿ ಕೂದಲು ಬಂದಿತ್ತು, ಕೊಬ್ಬಿಗೆ ಒಂದೂ ಬಂದಿರಲಿಲ್ಲ.

ಮ್ಯಾಚಿಗೆ ಮುಂಚೆ ಅವರ ಟೀಮು ಬೇಲಿಯಾಚೆ ಸುತ್ತು ಓಡ್ತಾ ಬೋರ್ಡಿನ ಕೆಳಗೆ ಬಂತು. ಗಡ್ಡ ತಲೆ ಎತ್ತಿ ನೋಡಿ, "ಇನ್ನೂ ಇದೇ ತಗಡಾ? ಇದನ್ನ ಯಾರು ನೋಡ್ತಾರೆ!" ಅಂತ ಕಂಬಕ್ಕೆ ಕಾಲಲ್ಲಿ ಒದ್ದ. ಮೇಲೆ ಕೂತಿದ್ದ ತಗಡಕ್ಕನಿಗೆ ಹಲ್ಲಿನ ಬೇರಿನವರೆಗೂ ಅದುರಿತು.

ಮೊದಲ ನಾಲ್ಕು ಪಾಳಿ ನಮ್ಮ ಮೇಷ್ಟ್ರು ಎಸೆದ್ರು. ಐದನೇದರಿಂದ ತಮ್ಮ ಬಂದ. ಅವನು ಬರ್ತಿದ್ದ ಹಾಗೇ ಆ ಕಡೆ ಬೆಂಚಲ್ಲಿ ನಗು. ಮೊದಲನೇ ಚೆಂಡು ಹೋಗಿ ತಲುಪೋದ್ರೊಳಗೆ ಹೊಡೆಯೋನು ಬ್ಯಾಟ್ ಬೀಸಿ, ತಿರುಗಿ, ಬುಗುರಿ ಥರ ಒಂದು ಸುತ್ತು ಹಾಕಿ ಕೂತ. ನಗು ನಿಲ್ತು. ವೇಗದ ಚೆಂಡು ತಿಂದು ಬೆಳೆದ ಮೈಗಳು, ಈ ಬಸವನಹುಳುವಿಗೆ ಕಾಯೋ ತಾಳ್ಮೆ ಎಲ್ಲಿಂದ ತರ್ತಾವೆ? ಆರು ಪಾಳಿ ಮುಗಿದಾಗ ನಮ್ಮದು ಎರಡು, ಅವರದು ಒಂದು. ತಗಡಕ್ಕ ಗೂಡಿನೊಳಗೆ ಒಬ್ಬಳೇ, ಬೆವರಿಳಿಸ್ಕೊಂಡು, ಬಾಯಿಗೆ ಬಂದಿದ್ದೆಲ್ಲ ಬೈತಾ ಇದ್ಲು. ಬೈಗುಳಕ್ಕೆ ಅಡ್ಡ ಬರೋರು ಯಾರೂ ಇರಲಿಲ್ಲವಲ್ಲ, ಹೊಸ ಹೊಸದೂ ಹುಟ್ಟುಹಾಕಿದ್ಲು.

ಏಳನೇ ಪಾಳಿಗೆ ಮೊದಲು ಬಂದೋನೇ ಗಡ್ಡ. ಅವನು ಕಿಲಾಡಿ, ಕಾದ. ಕಾದು ಕೊಟ್ಟ ಏಟಿಗೆ ಚೆಂಡು ಬೇಲಿಗೆ ಬಡೀತು, ಅವನು ಎರಡನೇ ಬೇಸಲ್ಲಿ ನಿಂತು ತಮ್ಮನ ಬೆನ್ನಿಗೆ ನಡು ಬಗ್ಗಿಸಿ ಸಲಾಮು ಹೊಡೆದ. ಮತ್ತೆ ಅದೇ ಸಲಾಮು. ಅಕ್ಕನಿಗೆ ಕಿಂಡಿಯಿಂದ ಚೆನ್ನಾಗೇ ಕಾಣ್ತು.

ಮುಂದಿನೋನು ಔಟ್. ಒಂದು ಬಿಲ್ಲೆ ಹಾಕಿದ್ಲು. ಕೈಯಲ್ಲಿ ಇನ್ನೆರಡು ಬಿಲ್ಲೆ ಇತ್ತು. ಅವನ್ನ ನೋಡ್ತಾ ನೋಡ್ತಾ ತಲೆಗೆ ಒಂದು ವಿಷಯ ಬಂತು.

ಬೋರ್ಡು ಅನ್ನೋದು ಜನ ನೋಡ್ಲಿ ಅಂತ ಅಷ್ಟೇ. ಆಟದಲ್ಲಿ ನಡೆಯೋದು ಅಂಪೈರ್ ಬೆರಳು. ಬೋರ್ಡು ತಪ್ಪು ತೋರಿಸ್ತು ಅಂತ ಯಾರಾದ್ರೂ ಮೋಸ ಹೋದ್ರೆ ಅದು ಅವರ ಹಣೆಬರಹ. ಇನ್ನೊಬ್ಬ ಔಟ್ ಆದ ತಕ್ಷಣ ಎರಡು ಬಿಲ್ಲೆ ಒಟ್ಟಿಗೆ ಹಾಕಿಬಿಟ್ರೆ? ಮೂರು ಕೆಂಪು ನೋಡಿ ಗಡ್ಡ ಪಾಳಿ ಮುಗೀತು ಅಂತ ಬೇಸು ಬಿಟ್ಟು ಗ್ಲೌಸು ಬಿಚ್ಕೊಂಡು ಹೊರಡ್ತಾನೆ. ನಮ್ಮೋರು ಚೆಂಡು ತಗೊಂಡು ಹೋಗಿ ಬೆನ್ನಿಗೆ ಮುಟ್ಟಿಸ್ತಾರೆ. ಔಟ್! ಎಣಿಸೋಕೆ ಬರದ ಕ್ಯಾಪ್ಟನ್! ಟಿವೀಲಿ ದೇಶ ದೇಶದೋರು ತಿರುಗಿಸಿ ತಿರುಗಿಸಿ ನೋಡ್ತಾರೆ. ಅವನ ಊರಲ್ಲಿ ಅವನಿಗೂ ಒಂದು ಹೆಸರು ಬೀಳುತ್ತೆ. ಸಾಯೋವರೆಗೂ ಆ ಹೆಸರಲ್ಲೇ ಕರೀತಾರೆ.

'ಬೇಡ' ಅಂತ ಒಂದು ಮನಸ್ಸು ಹೇಳ್ತಾ? ಇಲ್ಲ. ಸುಳ್ಳು ಯಾಕೆ ಹೇಳ್ಬೇಕು, ಅವಳ ಹತ್ರ ಅವತ್ತು ಒಂದೇ ಮನಸ್ಸಿದ್ದಿದ್ದು.

ಮುಂದಿನೋನು ಹೊಡೆದ. ಚೆಂಡು ಮೇಲೆ ಹೋಗಿ, ಸೀದಾ ಎಡಗಡೆ, ಬೋರ್ಡಿನ ಕೆಳಗೇ ನಿಂತಿದ್ದ ನಮ್ಮ ಬಸ್ ಡ್ರೈವರ್ ಕೈಗೆ ಬಂತು. ಹಿಡಿದ. ಎರಡನೇ ಔಟ್. ಅಕ್ಕ ಟಣ್ ಟಣ್ ಅಂತ ಎರಡೂ ಬಿಲ್ಲೆ ಹಾಕಿ ಕಿಂಡಿಗೆ ಕಣ್ಣಿಟ್ಲು.

ಗಡ್ಡ ಬೋರ್ಡಿನ ಕಡೆ ಕತ್ತೇ ಎತ್ತಲಿಲ್ಲ. 'ಇದನ್ನ ಯಾರು ನೋಡ್ತಾರೆ' ಅಂತ ಅವನೇ ಹೇಳಿದ್ನಲ್ಲ? ಅಂಪೈರ್ ಬೆರಳು ನೋಡ್ದ, ಎರಡು ಅಂತ ತಿಳ್ಕೊಂಡ, ಬೇಸಿನ ಮೇಲೆ ಕಂಬದ ಹಾಗೆ ನಿಂತ.

ಹಾಗಾದ್ರೆ ಆ ಬೋರ್ಡು ನೋಡೋರು ಯಾರು? ನಮ್ಮೋರು. ಆಟ ಕಲಿತಾಗಿಂದ ಅದೇ ಮೈದಾನ, ಅದೇ ತಗಡು, ಅದೇ ಅಕ್ಕ. ಒಂದು ದಿನಕ್ಕೂ ಅವಳು ಒಂದು ಅಂಕಿ ತಪ್ಪು ಹಾಕಿದ್ದಿಲ್ಲ. ಹಾಗಾಗಿ ನಮ್ಮ ಫೀಲ್ಡರುಗಳಿಗೆ ಕ್ಯಾಚ್ ಹಿಡಿದ ಕೂಡಲೇ ಕತ್ತು ತಂತಾನೇ ಮೇಲಕ್ಕೆ ಹೋಗೋದು ಅಭ್ಯಾಸ. ಡ್ರೈವರ್ ನೋಡ್ದ. ಮೂರು ಕೆಂಪು. ಪಾಳಿ ಮುಗೀತು!

ಪಾಳಿ ಮುಗಿಸಿದ ಚೆಂಡನ್ನ ಬೇಲಿಯಾಚೆ ಕೂತ ಜನಕ್ಕೆ ಎಸೆಯೋದು ಆಟದಲ್ಲಿ ಇದ್ದದ್ದೇ. ಆ ಬೇಲಿಯಾಚೆ ಹುಲ್ಲಿನ ದಿಬ್ಬದ ಮೇಲೆ, ಮಡಿಸೋ ಕುರ್ಚಿ ಹಾಕ್ಕೊಂಡು ಕೂತಿದ್ದೋರು ಅವನ ಅತ್ತೆ. ಹೆಂಡತಿಯ ತಾಯಿ. ಜೀವಮಾನದಲ್ಲಿ ಮೊದಲನೇ ಸಲ ಅಳಿಯನ ಆಟ ನೋಡೋಕೆ ಬಂದಿದ್ರು. "ಬಸ್ ಓಡಿಸೋದು ಬಿಟ್ಟು ಇದೇನು ಮಕ್ಕಳಾಟ" ಅಂತ ವರ್ಷಾನುಗಟ್ಟಲೆ ಅಂದೋರು. ಅವರನ್ನ ನೋಡಿ ಡ್ರೈವರ್ ಮುಖ ಅರಳಿಸಿ, ಜಾತ್ರೇಲಿ ಬತ್ತಾಸು ಎಸೆಯೋ ಹಾಗೆ ಮೆಲ್ಲಗೆ, ಪ್ರೀತಿಯಿಂದ, ಚೆಂಡನ್ನ ಅತ್ತೆಯ ಮಡಿಲಿಗೆ ಎಸೆದ.

"ಅತ್ತೇ, ತಗೊಳ್ಳಿ!"

ಆಡ್ತಿರೋ ಚೆಂಡನ್ನ ಮೈದಾನದಾಚೆ ಎಸೆದ್ರೆ ಓಡೋನಿಗೆ ಎರಡು ಬೇಸು ಪುಕ್ಕಟೆ. ಎರಡನೇ ಬೇಸಲ್ಲಿದ್ದ ಗಡ್ಡ ಓಡಲೂ ಇಲ್ಲ. ಉಂಡು ಅಡ್ಡಾಡೋಕೆ ಹೊರಟೋನ ಹಾಗೆ ನಡ್ಕೊಂಡು ಬಂದು ರನ್ ಸೇರಿಸಿದ. ಎರಡು, ಎರಡು. ಸಮ.

ಮೈದಾನ ಸಿಡೀತು ನೋಡಿ.

"ಲೇ ಡ್ರೈವರ್, ಎಣಿಸೋಕೆ ಬರಲ್ವೇನೋ!"

"ಅತ್ತೆಗೆ ವರದಕ್ಷಿಣೆ ವಾಪಸ್ ಕೊಟ್ನಾ?"

"ಅಜ್ಜೀ, ಚೆಂಡು ವಾಪಸ್ ಕೊಡಿ, ರನ್ನೂ ವಾಪಸ್ ಬರುತ್ತೇನೋ ನೋಡೋಣ!"

ಅತ್ತೆ ಚೆಂಡನ್ನ ಮಡಿಲಲ್ಲಿಟ್ಕೊಂಡು, ಎಲ್ಲರೂ ತಮ್ಮನ್ನೇ ಯಾಕೆ ಬೈತಿದ್ದಾರೆ ಅಂತ ಗೊತ್ತಾಗದೆ ಸುತ್ತ ನೋಡಿದ್ರು. ಆಮೇಲೆ ಕುರ್ಚಿ ಮಡಿಸಿ ಎದ್ದು ಹೊರಟುಹೋದ್ರು.

ಗೂಡಿನೊಳಗೆ ತಗಡಕ್ಕ ಆ ಗಲಾಟೇಲೇ ಮೂರನೇ ಬಿಲ್ಲೆ ಸರಕ್ಕಂತ ತೆಗೆದಿದ್ಲು. ಉಳಿದೋರ ಕಣ್ಣೆಲ್ಲ ಚೆಂಡಿನ ಮೇಲಿತ್ತು, ಮೂರು ನೋಡಿದ್ದು ಡ್ರೈವರ್ ಮತ್ತೆ ತಮ್ಮ ಇಬ್ಬರೇ. ಡ್ರೈವರ್ ತಿರುಗಿ ಬೋರ್ಡು ನೋಡ್ದ. ಎರಡು. ಕಣ್ಣು ಉಜ್ಜಿ ಮತ್ತೆ ನೋಡ್ದ. ಎರಡೇ. ಟೋಪಿಯನ್ನ ಕಣ್ಣಿನವರೆಗೂ ಎಳ್ಕೊಂಡ. ಇನ್ನೊಬ್ಬರಿಗೆ ತೋಡಿದ ಹಳ್ಳ, ಬಿದ್ದಿದ್ದು ಅದರ ಪಕ್ಕದಲ್ಲಿ ಸುಮ್ನೆ ನಿಂತಿದ್ದೋನು.

ಹೇಗೋ ಆ ಪಾಳಿ ಮುಗೀತು. ನಮ್ಮೋರು ಹೊಡೆಯೋಕೆ ಹೋದಾಗ ತಮ್ಮ ಬೆಂಚಿಗೆ ಹೋಗದೆ, ಬೇಲಿ ಬದಿಯಿಂದ ನಡ್ಕೊಂಡು ಬೋರ್ಡಿನ ಹಿಂದೆ ಬಂದ.

"ಅಕ್ಕಾ."

ಗೂಡಿನೊಳಗೆ ತಗಡು ಸರಿದ ಸದ್ದಾಯ್ತು.

"ಅಕ್ಕಾ, ನೀನು ಒಳಗಿದ್ದೀಯ ಅಂತ ಊರಿಗೇ ಗೊತ್ತು. ಮಾತಾಡು."

"ಕೈ ತಪ್ತು ಕಣೋ."

"ನಿನ್ ಕೈ ತಪ್ಪುತ್ತಾ? ಹತ್ತೊಂಬತ್ತು ಹಾಕಿದಾಗ ಒಂದಾದ್ರೂ ಮರೆತ್ಯಾ? ಮರ್ತಿದ್ರೆ ಹದಿನೆಂಟಾದ್ರೂ ಅನ್ನೋರು ನನ್ನ."

ಏಣಿ ತುದೀಲಿ ಅಕ್ಕನ ಮುಖ ಕಾಣಿಸ್ತು. ಬೆವರೋ ಕಣ್ಣೀರೋ, ಬಣ್ಣದ ಕೈಯಲ್ಲಿ ಒರೆಸ್ಕೊಂಡು ಹಣೆಯೆಲ್ಲ ಕೆಂಪು. "ಅವನು ಮತ್ತೆ ಸಲಾಮು ಹೊಡೆದ ಕಣೋ. ನಿನ್ ಬೆನ್ನಿಗೆ. ನೀನು ನೋಡ್ಲಿಲ್ಲ, ನಾನು ನೋಡ್ದೆ."

"ನೋಡ್ಲಿಲ್ಲ ಅಂತ ಯಾರಂದ್ರು? ನೆರಳು ಕಾಣ್ತು." ತಮ್ಮ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅವಳು ಯಾವತ್ತೂ ಕೇಳಿರಲಿಲ್ಲ. "ಆರು ವರ್ಷ ನಿನ್ನ ಮಾತು ಕೇಳಿ ತಗಡಿಗೆ ಹೊಡೆದೆ. ಸಿಂಕಿನ ಕೆಳಗೆ ಮಲಗಿ ದಿನಾ ಆ ಹೆಸರು ಕೇಳಿಸ್ಕೊಂಡೆ. ಸೇಡು ನಂದು ಅಕ್ಕಾ. ಅವನು ಬೋರ್ಡು ನೋಡಿ ಔಟ್ ಆಗಿದ್ರೆ ಗೆದ್ದಿದ್ದು ನೀನು. ಆಮೇಲೆ ನಾನು ಏನು ಮಾಡ್ಲಿ? ಸಾಯೋವರೆಗೂ ನಲ್ಲಿ ತಿರುಗಿಸ್ತಾ ಕೂರಲಾ? ಇನ್ನೊಂದು ಸಲ ನನ್ನ ಕೆಲಸಕ್ಕೆ ಕೈ ಹಾಕ್ಬೇಡ."

"ಆಯ್ತು."

"ಕೈ ಎಲ್ಲಿಟ್ಕೋತೀಯ?"

"ಸೊಂಟದ ಮೇಲೆ."

"ಬೇಡ. ನಿನ್ನ ನಂಬೋ ಹಾಗಿಲ್ಲ. ಕೈ ಮೇಲೇ ಕೂತ್ಕೋ" ಅಂದು ಹೊರಟುಹೋದ.

ಎಂಟನೇ ಪಾಳೀಲಿ ನಮ್ಮೋರು ಮೂರೂ ಬೇಸು ತುಂಬಿಸಿದ್ರು, ಅಂದ್ರೆ ಮೂರೂ ಕಡೆ ನಮ್ಮೋರೇ ನಿಂತಿದ್ರು. ಹೊಡೆಯೋಕೆ ಬಂದಿದ್ದು ಯಾರು? ಅದೇ ಡ್ರೈವರು. ನಮ್ಮ ಜನವೇ ಅವನಿಗೆ ಹುಯ್ಯೋ ಅಂತ ಕೂಗಿದ್ರು. ಎಸೆದೋನ ಚೆಂಡು ಕೈ ಜಾರಿ ಸೀದಾ ಇವನ ಮೈಮೇಲೆ ಬಂತು. ತಪ್ಪಿಸ್ಕೊಳ್ಳೋ ಹಾಗೆ ತಿರುಗಿದ. ತಿರುಗಿದ ಅಷ್ಟೇ, ಸರಿಯಲಿಲ್ಲ. ಬೆನ್ನಿಗೆ ಧಪ್ ಅಂತ ಬಡಿದ ಸದ್ದು ಬೋರ್ಡಿನವರೆಗೂ ಕೇಳಿಸ್ತು. ಚೆಂಡು ಮೈಗೆ ತಾಗಿದ್ರೆ ಒಂದು ಬೇಸು ಸಿಗುತ್ತೆ, ಎಲ್ಲರೂ ಒಂದೊಂದು ಮುಂದೆ, ಮೂರನೇ ಬೇಸಿನೋನು ಹೊರಟಲ್ಲಿಗೇ ವಾಪಸ್. ಮೂರು, ಎರಡು. ಅಂಥ ಕುರೂಪಿ ರನ್ನು ಯಾರೂ ನೋಡಿರಲ್ಲ. ತಗಡಕ್ಕ 'ಮೂರು' ನೇತುಹಾಕಿದ್ಲು. ತಕ್ಷಣ ವಾಪಸ್ ಹೋಗಿ ಕೈಗಳ ಮೇಲೆ ಕೂತ್ಲು.

ಒಂಬತ್ತನೇ ಪಾಳಿ, ಅವರ ಕೊನೇ ಸರದಿ. ತಮ್ಮ ಇಬ್ಬರನ್ನ ಕಳಿಸ್ದ. ಎರಡು ಬಿಲ್ಲೆ. ಮೂರನೆಯವನಾಗಿ ಬಂದೋನು ಗಡ್ಡ.

ಮೊದಲನೇ ಚೆಂಡು ನಿಧಾನ. ಗಡ್ಡ ಕಾದ, ಕಾದ, ಬೀಸಿದ. ತಪ್ತು. ಎರಡನೇದು ಅದಕ್ಕಿಂತ ನಿಧಾನ. ಇನ್ನೂ ಹೆಚ್ಚು ಕಾದ, ಅಂಚಿಗೆ ತಾಗಿ ಹಿಂದಕ್ಕೆ ಹೋಯ್ತು, ಅದೂ ತಪ್ಪಿದ ಲೆಕ್ಕಕ್ಕೇ. ಇನ್ನೊಂದು ತಪ್ಪಿದ್ರೆ ಮುಗೀತು ಅವನ ಕಥೆ. ಮೈದಾನದ ಜನ ಎಲ್ಲ ಎದ್ದು ನಿಂತಿದ್ರು. ತಮ್ಮ ಭುಜ ಹಿಡ್ಕೊಂಡು ಒಂದು ಸಲ ತಿರುಗಿಸಿ, ಮೂರನೇ ಚೆಂಡು ಎಸೆದ.

ನಿಧಾನದ್ದಲ್ಲ ಅದು. ಆ ಮುರುಕು ಭುಜದಲ್ಲಿ ಎಷ್ಟು ಉಳಿದಿತ್ತೋ ಅಷ್ಟನ್ನೂ ಗುಡಿಸಿ ಎಸೆದ. ನಿಜ ಹೇಳ್ಬೇಕು ಅಂದ್ರೆ ಅದೇನೂ ಅಂಥಾ ವೇಗ ಅಲ್ಲ, ಶಾಲೆ ಹುಡುಗರೂ ಹೊಡೀತಾರೆ. ಆದ್ರೆ ನಿಧಾನಕ್ಕೆ ಕಾದು ಕಾದು ಗಡ್ಡದ ಕೈಕಾಲು ಬೇರು ಬಿಟ್ಟಿತ್ತು. ಬ್ಯಾಟು ಹೆಗಲ ಮೇಲೇ ಇತ್ತು, ಚೆಂಡು ಹಿಂದೆ ಕೂತಿದ್ದೋನ ಕೈಗೆ ಹೋಗಿ ಚಪ್ ಅಂತು. ಬೀಸಲೇ ಇಲ್ಲ. ಬಾಯಿ ತೆರ್ಕೊಂಡು ನಿಂತ. ನೇರ ಬಂದ ಚೆಂಡಿಗೆ ಬೀಸದೆ ನಿಂತ್ರೂ ಅದೇ ಲೆಕ್ಕ. ಅಂಪೈರ್ ಕೈ ಎತ್ತಿದ.

ತಗಡಕ್ಕ ಒಳಗೆ ಎಗರಿ ಎಗರಿ ಕೂಗ್ತಿದ್ಲು, "ಹೊಡ್ಕೋ ಈಗ ಸಲಾಮು! ಹೊಡ್ಕೊಳ್ಳೋ!" ಅವಳ ಗಂಟಲು ಹರ್ದುಹೋಯ್ತು. ಮರುದಿನ ಪೇಪರಲ್ಲಿ ಬಂದ ಫೋಟೋದಲ್ಲಿ ಜನ ಮೈದಾನದೊಳಗೆ ಕುಣೀತಿದ್ದಾರೆ, ಹಿಂದೆ ಬೋರ್ಡಿನ ಮೇಲೆ ಎರಡೇ ಬಿಲ್ಲೆ ಇದೆ. ಮೂರನೇದು ಹಾಕೋದು ಅವಳಿಗೆ ನೆನಪೇ ಆಗಲಿಲ್ಲ.

ಏಣಿ ಇಳಿದು ಸೀದಾ ಅವರ ಬಸ್ಸಿನ ಹತ್ರ ಓಡಿದ್ಲು. ಆರು ವರ್ಷದಿಂದ ಬಾಯಿಪಾಠ ಮಾಡಿಟ್ಟ ಮಾತಿತ್ತು. ಗಡ್ಡ ಬ್ಯಾಗು ಹೆಗಲಿಗೆ ಹಾಕ್ಕೊಂಡು ಬರ್ತಿದ್ದ. ಎದುರಿಗೆ ನಿಂತ್ಲು.

"ಹಾಲು ಕುಡ್ಕೊಂಡು ಬಂದೋನು ಹೇಗಿದ್ದ?"

ಅವನು ಅವಳ ಬಣ್ಣದ ಮುಖ ನೋಡ್ದ. "ಯಾರಮ್ಮಾ ನೀನು?"

"ಹತ್ತೊಂಬತ್ತು ರನ್ ಹೊಡೆದ್ಯಲ್ಲ. ಇದೇ ಮೈದಾನ. ಇವತ್ತು ನಿನ್ನ ಮನೆಗೆ ಕಳಿಸಿದ್ನಲ್ಲ, ಅವನಿಗೇ."

ಗಡ್ಡ ನಿಜವಾಗಿಯೂ ಯೋಚನೆ ಮಾಡ್ದ. ಅದೇ ಕೆಟ್ಟದ್ದು. "ಹತ್ತೊಂಬತ್ತಾ? ಎಲ್ಲೆಲ್ಲೋ ಹೊಡೆದಿದ್ದೀವಿ. ನೆನಪಿಲ್ಲ" ಅಂದ.

ಆರು ವರ್ಷ ಊದಿ ಊದಿ ಕಾಪಾಡಿದ ಕೆಂಡ. ಹೊತ್ತಿಸಿದೋನಿಗೆ ಬೆಂಕಿ ಹಚ್ಚಿದ್ದೇ ಮರ್ತುಹೋಗಿದೆ! ತಗಡಕ್ಕನಿಗೆ ಒಂದು ಕ್ಷಣ ಬಾಯಿಪಾಠದ ಮಾತೆಲ್ಲ ಹಾರಿಹೋಯ್ತು. ಆಮೇಲೆ ಅಂದ್ಲು, "ಅದು ಮರ್ತ್ರೆ ಮರಿ. ಇವತ್ತಿಂದು ಮಾತ್ರ ನೀನು ಮರೀಬೇಕು ಅಂದ್ರೂ ಆಗಲ್ಲ. ನಿಮ್ಮೂರೋರು ಬಿಡಲ್ಲ. ನಂಗೊತ್ತು, ಊರು ಹೇಗಿರುತ್ತೆ ಅಂತ." ಅವನ ಮುಖ ಸ್ವಲ್ಪ ಬಿಳಿಚಿಕೊಳ್ತು. ಅಷ್ಟು ಸಾಕಾಯ್ತು ಅವಳಿಗೆ. ಇಲ್ಲ, ಸಾಕಾಗಲಿಲ್ಲ, ಆದ್ರೆ ಬಸ್ಸು ಹೊರಟುಬಿಡ್ತು.

ಊರು ಹೇಗಿರುತ್ತೆ ಅಂತ ಅವಳಿಗೆ ಇನ್ನೂ ಚೆನ್ನಾಗಿ ಗೊತ್ತಾಗಿದ್ದು ಅದೇ ವಾರ. ತಮ್ಮನನ್ನ ಯಾರೂ ಹತ್ತೊಂಬತ್ತು ಅನ್ನೋದಿಲ್ಲ ಈಗ. ನಲ್ಲಿ ಕೆಟ್ಟಿಲ್ದೋರೂ ಕರೆದು ಟೀ ಕೊಡ್ತಾರೆ. ಆದ್ರೆ ಊರಿಗೆ ಒಂದು ಹೆಸರು ಹೋದ್ರೆ ಇನ್ನೊಂದು ಬೇಕಲ್ಲ? ಡ್ರೈವರಿಗೆ ಬಿತ್ತು. 'ಅತ್ತೇ ತಗೊಳ್ಳಿ.' ಬಸ್ ಹತ್ತಿ ಚಿಲ್ಲರೆ ಕೊಡುವಾಗ ಜನ "ಅತ್ತೇ ತಗೊಳ್ಳಿ" ಅಂತ ಕೈಗಿಡ್ತಾರೆ. ಹಿಂದಿನ ಸೀಟಿಂದ ಹಾಡೇ ಕಟ್ಟಿ ಹಾಡ್ತಾರೆ. ತಗಡಕ್ಕ ಒಂದು ದಿನ ಅದೇ ಬಸ್ಸಲ್ಲಿದ್ಲು. ಡ್ರೈವರ್ ಒಂದು ನಗೆ ನಕ್ಕು ಮುಂದೆ ನೋಡಿದ. ಆ ನಗೆ ಅವಳು ಆರು ವರ್ಷ ಮನೇಲೇ ನೋಡಿದ್ದ ನಗೆ.

ಮರುದಿನ ಬೆಳಿಗ್ಗೆ ಡಿಪೋಗೆ ಹೋಗಿ, ಬಸ್ಸಿನ ಗಾಜು ಒರೆಸ್ತಿದ್ದ ಅವನ ಎದುರು ನಿಂತು ಎಲ್ಲ ಹೇಳಿದ್ಲು.

ಡ್ರೈವರ್ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. "ಹಾಗಾದ್ರೆ ಮೂರು ಇತ್ತು?"

"ಇತ್ತು."

"ಮೂರು ನೋಡಿದ್ದು ನಿಜ?"

"ನಿಜ ಅಣ್ಣ."

"ಏನಮ್ಮಾ ನೀನು! ಕಣ್ಣು ಹೋಯ್ತು ಅಂತ ಕಣ್ಣಿನ ಡಾಕ್ಟರ ಹತ್ರ ಹೋಗಿ ಬಂದಿದ್ದೀನಿ! ಮನೇಲಿ ಹೇಳಿಲ್ಲ. ಡಿಪೋದೋರಿಗೆ ಗೊತ್ತಾದ್ರೆ ಸ್ಟೀರಿಂಗ್ ಕಿತ್ಕೋತಾರೆ ಅಂತ ಸಿಗ್ನಲ್ ಬಂದಾಗೆಲ್ಲ ಕೆಂಪೋ ಹಸಿರೋ ಅಂತ ಎರಡೆರಡು ಸಲ ನೋಡ್ತಿದ್ದೀನಿ. ಹಿಂದಿನೋರು ಹಾರನ್ ಹೊಡೆದು ಸಾಯ್ತಿದ್ದಾರೆ!"

"ಏನು ಬೇಕಾದ್ರೂ ಮಾಡಣ್ಣ. ಬೈಯಿ, ಹೊಡಿ."

ಅವನು ಅವಳನ್ನ ಮೇಲಿಂದ ಕೆಳಗೆ ನೋಡಿದ. ನಿಧಾನಕ್ಕೆ ಮುಖ ಅರಳ್ತು. "ಹೊಡೆಯಲ್ಲ. ಹತ್ತು."

"ಎಲ್ಲಿಗೆ?"

"ಬಸ್ಸಿಗೆ. ಮೊದಲನೇ ಸ್ಟಾಪಿಂದ ಕೊನೇ ಸ್ಟಾಪಿನವರೆಗೂ ನನ್ನ ಪಕ್ಕ, ಇಲ್ಲಿ, ಈ ಕಂಬಿ ಹಿಡ್ಕೊಂಡು ನಿಲ್ತೀಯ. ಪ್ರತಿ ಸ್ಟಾಪಲ್ಲೂ ಜನ ಹತ್ತಿದ ಮೇಲೆ ಹೇಳ್ತೀಯ. ಗಟ್ಟಿಯಾಗಿ. ಕುಳಿತುಕೊಳ್ಳೋ ಹಾಗಿಲ್ಲ."

ಮೊದಲನೇ ಸ್ಟಾಪಲ್ಲಿ ನೆಲ ನೋಡ್ತಾ "ಮೂರನೇ ಬಿಲ್ಲೆ ಹಾಕಿದ್ದು ನಾನು" ಅಂತ ಗೊಣಗಿದ್ಲು. "ಕೇಳಿಸ್ಲಿಲ್ಲ!" ಅಂದ ಡ್ರೈವರ್, ಬಸ್ ಬಿಡಲಿಲ್ಲ. ಮತ್ತೆ ಹೇಳಿದ್ಲು. ಎರಡನೇ ಸ್ಟಾಪಿಗೆ ಜನ ಪ್ರಶ್ನೆ ಕೇಳೋಕೆ ಶುರು ಮಾಡಿದ್ರು. ಮಾರ್ಕೆಟ್ ಸ್ಟಾಪಿಗೆ ಬರೋ ಹೊತ್ತಿಗೆ, ಮುಂದೆ ಕೂತಿದ್ದೋರು ಅವಳಿಗಿಂತ ಮುಂಚೆ ಕಥೆ ಹೇಳಿ, ಅವಳು ಬರೀ ಹೌದು ಹೌದು ಅನ್ನೋ ಹಾಗಾಯ್ತು. ಡ್ರೈವರ್ ಬ್ರೇಕ್ ಹಾಕೋ ಅಗತ್ಯ ಇಲ್ಲದ ಕಡೆಯೆಲ್ಲ ಬಸ್ ನಿಲ್ಸಿದ.

ಆಸ್ಪತ್ರೆ ಸ್ಟಾಪಲ್ಲಿ ಅವನ ಅತ್ತೆ ಹತ್ತಿದ್ರು. ಪಕ್ಕದ ಬೀದೀಲಿ ಪಾತ್ರೆ ಬಿದ್ರೆ ಯಾರ ಮನೆಯ ಯಾವ ಪಾತ್ರೆ ಅಂತ ಹೇಳೋ ಕಿವಿ ಅವರದು. ಮಾತು ಶುರುವಾದ ಕೂಡಲೇ ಅವರಿಗೆ ಎಲ್ಲ ಅರ್ಥ ಆಗಿತ್ತು, ಮುಖದಲ್ಲೇ ಕಾಣ್ತಿತ್ತು. ತಗಡಕ್ಕನ ಎದುರಿಗಿದ್ದ ಸೀಟಲ್ಲಿ ಆರಾಮಾಗಿ ಕೂತು, ಚೀಲ ಮಡಿಲಲ್ಲಿಟ್ಕೊಂಡು, ಅಂಗೈ ಕಿವಿಗೆ ಹಚ್ಚಿದ್ರು.

"ಏನಂದೆ ಮಗಳೇ? ನಂಗೆ ವಯಸ್ಸಾಯ್ತು, ಕಿವಿ ಮಂದ. ಇನ್ನೊಂದ್ಸಲ ಹೇಳು."

ಹೇಳಿದ್ಲು.

"ಹಾಂ? ಏನು ಹಾಕಿದೆ?"

"ಬಿಲ್ಲೆ ಅಮ್ಮಾ. ಮೂರನೇ ಬಿಲ್ಲೆ."

"ಎಷ್ಟನೇದು?"

ಡ್ರೈವರ್ ಕನ್ನಡೀಲಿ ನೋಡಿ ಗೇರು ಇಳಿಸಿ ಬಸ್ಸನ್ನ ಇನ್ನೂ ನಿಧಾನ ಮಾಡಿದ. ಕೊನೇ ಸ್ಟಾಪು ಇನ್ನೂ ಬಹಳ ದೂರ ಇತ್ತು.